ಅಂಪೈರ್ ಯಾರ ಕಡೆಯವನು?

ಕೋಲಾರ ಜಿಲ್ಲೆಯ ಯಾವುದೇ ಕಾಲೇಜು ಮೈದಾನದ ಅಂಚಿನಲ್ಲಿ ಅರ್ಧ ಗಂಟೆ ನಿಂತರೆ ಒಂದು ಪದ ಕಿವಿಗೆ ಬೀಳದೆ ಇರದು. ಕನ್ನಡದಲ್ಲಿ ಅದು ‘ನಮ್ಮೋನು’. ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಹುಡುಗರ ಬಾಯಲ್ಲಿ ತೆಲುಗಿನ ‘ಮನೋಡು’. ನಮ್ಮ ಮೊಹಲ್ಲಾಗಳ ದಖನಿಯಲ್ಲಿ ‘ಅಪ್ನಾ ಆದ್ಮಿ’. ಕೆಜಿಎಫ್‌ನಿಂದ ಬಂದ ತಂಡದ ಬೆಂಬಲಿಗರಲ್ಲಿ ತಮಿಳಿನ ‘ನಮ್ಮ ಆಳು’. ಭಾಷೆ ನಾಲ್ಕು, ಅರ್ಥ ಒಂದೇ. ಬೌಲರ್ ಕೈಯೆತ್ತಿ ಕೂಗುತ್ತಾನೆ. ಅಂಪೈರ್ ಬೆರಳೆತ್ತುತ್ತಾನೆ, ಇಲ್ಲವೇ ತಲೆಯಾಡಿಸುತ್ತಾನೆ. ಚೆಂಡು ಬ್ಯಾಟಿಗೆ ತಾಗಿತ್ತೇ ಎಂದು ಕೇಳುವವರು ಬೆರಳೆಣಿಕೆಯವರು. ಮಿಕ್ಕವರೆಲ್ಲ ಕೇಳುವುದು, ಅಂಪೈರ್ ಯಾರ ಕಡೆಯವನು ಎಂದು.

ಇದನ್ನು ಹುಡುಗಾಟವೆಂದು ತಳ್ಳಿಹಾಕುವವರಿದ್ದಾರೆ. ಆಟದ ಬಿಸಿಯಲ್ಲಿ ನಾಲ್ಕು ಮಾತು ಬರುತ್ತವೆ, ಸಂಜೆಯಾದರೆ ಎಲ್ಲರೂ ಒಂದೇ ಬೇಕರಿಯ ಮುಂದೆ ಚಹಾ ಕುಡಿಯುತ್ತಾರೆ ಎನ್ನುತ್ತಾರೆ. ನಾವು ಒಪ್ಪುವುದಿಲ್ಲ. ತೀರ್ಪನ್ನು ಬಿಟ್ಟು ತೀರ್ಪು ಕೊಟ್ಟವನ ಹುಟ್ಟನ್ನು ವಿಚಾರಿಸುವ ಅಭ್ಯಾಸ ಇಪ್ಪತ್ತರ ವಯಸ್ಸಿನಲ್ಲಿ ಮೈದಾನದಲ್ಲಿ ಅಂಟಿದರೆ, ನಲವತ್ತರಲ್ಲಿ ಅದು ಪೊಲೀಸ್ ಠಾಣೆಯಲ್ಲಿ, ತಾಲೂಕು ಕಚೇರಿಯಲ್ಲಿ, ನ್ಯಾಯಾಲಯದ ಅಂಗಳದಲ್ಲಿ ಫಲ ಕೊಡುತ್ತದೆ. ಅಲ್ಲಿ ಪಣಕ್ಕಿರುವುದು ಟ್ರೋಫಿಯಲ್ಲ, ಮನುಷ್ಯರ ಬದುಕು.

ಮೊದಲೇ ಸ್ಪಷ್ಟಪಡಿಸುತ್ತೇವೆ: ಅಭಿಮಾನಿಗಳು ವಾದ ಮಾಡಬಾರದೆಂದು ನಾವು ಹೇಳುತ್ತಿಲ್ಲ. ವಾದವಿಲ್ಲದ ಆಟ ಉಪ್ಪಿಲ್ಲದ ಸಾರು. 2007ರ ಸೆಪ್ಟೆಂಬರ್ 24ರಂದು ಜೊಹಾನ್ಸ್‌ಬರ್ಗ್‌ನಲ್ಲಿ ನಡೆದ ಟಿ-20 ವಿಶ್ವಕಪ್ ಫೈನಲ್‌ನ ಕೊನೆಯ ಓವರ್‌ನಲ್ಲಿ ಪಾಕಿಸ್ತಾನಕ್ಕೆ ಬೇಕಿದ್ದದ್ದು 13 ರನ್. ಅನುಭವಿ ಹರ್ಭಜನ್ ಸಿಂಗ್‌ಗೆ ಓವರ್ ಉಳಿದಿದ್ದರೂ ಧೋನಿ ಚೆಂಡನ್ನು ಕೊಟ್ಟದ್ದು ಜೋಗಿಂದರ್ ಶರ್ಮಾಗೆ. ಭಾರತ 5 ರನ್‌ಗಳಿಂದ ಗೆದ್ದಿತು. ಆ ನಿರ್ಧಾರ ಬುದ್ಧಿವಂತಿಕೆಯೋ ಅದೃಷ್ಟವೋ ಎಂಬ ವಾದ ಇಂದಿಗೂ ಮುಗಿದಿಲ್ಲ, ಮುಗಿಯಬೇಕಾಗಿಯೂ ಇಲ್ಲ. ಕಬಡ್ಡಿಯಲ್ಲಿ ದಾಳಿಗಾರ ಬೋನಸ್ ಗೆರೆ ದಾಟಿದಾಗ ಅವನ ಹಿಂಗಾಲು ಗಾಳಿಯಲ್ಲಿತ್ತೇ, ಆಗ ಎದುರಾಳಿ ಅಂಗಳದಲ್ಲಿ ಆರು ಮಂದಿ ಇದ್ದರೇ ಎಂದು ತಗಾದೆ ತೆಗೆಯುವ ಹುಡುಗ ನಿಯಮ ಬಲ್ಲವನು. ಅವನ ಕಣ್ಣು ಆಟದ ಮೇಲಿದೆ. ಅಂಥವನ ಜಗಳ ನಮಗೆ ಬೇಕು.

ಅನುಮಾನಕ್ಕೆ ಕಾರಣವೇ ಇಲ್ಲವೆಂದೂ ನಾವು ಹೇಳುವುದಿಲ್ಲ. ನಮ್ಮ ಊರುಗಳ ಟೆನಿಸ್ ಬಾಲ್ ಪಂದ್ಯಗಳಲ್ಲಿ ಬ್ಯಾಟಿಂಗ್ ಮಾಡುವ ತಂಡದವರೇ ಅಂಪೈರ್‌ಗಳಾಗಿ ನಿಲ್ಲುವುದು ಹಳೆಯ ರೂಢಿ. ಎಲ್‌ಬಿಡಬ್ಲ್ಯು ಬೇಡವೆಂದು ಮೊದಲೇ ಮಾತಾಗುವುದು ಕೂಡ ಅದಕ್ಕೇ. ತನ್ನ ಜೊತೆಗಾರನನ್ನು ರನೌಟ್ ಎಂದು ಸಾರುವ ಎದೆಗಾರಿಕೆ ಹತ್ತು ಜನರಲ್ಲಿ ಒಬ್ಬನಿಗೂ ಇರುವುದಿಲ್ಲ. ಆತಿಥೇಯ ಕಾಲೇಜಿನ ಹಳೆಯ ವಿದ್ಯಾರ್ಥಿಯೇ ಫೈನಲ್‌ಗೆ ಅಂಪೈರ್ ಆದರೆ ಎದುರು ತಂಡದವರ ಹುಬ್ಬು ಗಂಟಿಕ್ಕುವುದು ಸಹಜ. ಆದರೆ ಆ ಅನುಮಾನ ನೆಟ್ಟಗಿರುವುದು ಅವನ ತಂಡವನ್ನು ನೋಡುವವರೆಗೆ ಮಾತ್ರ. ಅವನ ಹೆಸರು, ಅವನ ಬೀದಿ, ಅವನ ಮನೆಮಾತು ನೋಡತೊಡಗಿದೊಡನೆ ಅದು ಬೇರೆಯೇ ರೋಗವಾಗುತ್ತದೆ. ತಂಡದ ಪಕ್ಷಪಾತಕ್ಕೆ ತಟಸ್ಥ ಅಂಪೈರ್ ಎಂಬ ಮದ್ದಿದೆ. ಹುಟ್ಟಿನ ಮೇಲಿನ ಅನುಮಾನಕ್ಕೆ ಯಾವ ಮದ್ದು? ಹುಟ್ಟಿಲ್ಲದ ಅಂಪೈರನ್ನು ಎಲ್ಲಿಂದ ತರೋಣ?

2011ರ ಜನಗಣತಿಯಂತೆ ಕೋಲಾರ ಜಿಲ್ಲೆಯಲ್ಲಿ ನೂರಕ್ಕೆ ಸುಮಾರು 30 ಮಂದಿ ಪರಿಶಿಷ್ಟ ಜಾತಿಯವರು. ಕಬಡ್ಡಿ, ವಾಲಿಬಾಲ್ ಅಂಗಳಗಳಲ್ಲಿ ಬೆವರು ಸುರಿಸುವವರಲ್ಲಿ ಅವರ ಮಕ್ಕಳು ಬಹಳ. ಆ ಹುಡುಗ ಗೆದ್ದರೆ ‘ನಮ್ಮ ಕಾಲೇಜಿನವನು’, ಸೋತರೆ ‘ಕಾಲೊನಿಯವನು’. ಮುಸ್ಲಿಮ್ ಹುಡುಗ ವಿಕೆಟ್ ತೆಗೆದರೆ ಹೆಗಲ ಮೇಲೆ, ಕ್ಯಾಚ್ ಬಿಟ್ಟರೆ ‘ಅವರು ಹಾಗೇ ಬಿಡಿ’. ನಗೆಯಾಡುತ್ತಲೇ ಹೇಳುವ ಈ ಮಾತುಗಳು ಕೇಳಿಸಿಕೊಂಡವನ ಎದೆಯಲ್ಲಿ ವರ್ಷಗಟ್ಟಲೆ ಉಳಿಯುತ್ತವೆ.

ಎರಡು ತಕ್ಕಡಿ

ಶ್ರೀನಿವಾಸಪುರದ ಮಾವಿನ ಮಂಡಿಗೆ ಹೋಗಿ ನೋಡಿ. ಕೋಲಾರದ ಟೊಮೆಟೊ ಮಾರುಕಟ್ಟೆಗೆ ಹೋಗಿ ನೋಡಿ. ಬೆಳೆದವನು ಒಬ್ಬ, ಹೊತ್ತವನು ಇನ್ನೊಬ್ಬ, ಹರಾಜು ಕೂಗುವವನು ಮತ್ತೊಬ್ಬ, ಲಾರಿಯವನು ಮಗದೊಬ್ಬ. ಇವರೆಲ್ಲ ಒಂದೇ ಜಾತಿಯವರಲ್ಲ, ಒಂದೇ ಮತದವರಲ್ಲ. ಆದರೂ ವ್ಯಾಪಾರ ನಡೆಯುತ್ತದೆ. ಏಕೆಂದರೆ ತಕ್ಕಡಿ ಒಂದೇ. ಮಾಲು ಕೊಳ್ಳುವಾಗ ಒಂದು ತಕ್ಕಡಿ, ಮಾರುವಾಗ ಇನ್ನೊಂದು ತಕ್ಕಡಿ ಇಟ್ಟವನ ಹತ್ತಿರ ಮರುವರ್ಷ ಯಾರೂ ಸುಳಿಯುವುದಿಲ್ಲ. ಪಡೆಯುವಾಗ ತುಂಬಿ ಅಳೆದು ಕೊಡುವಾಗ ಕಡಿತ ಮಾಡುವವರನ್ನು ಎಚ್ಚರಿಸುವುದಕ್ಕೆಂದೇ ಕುರ್‌ಆನ್‌ನಲ್ಲಿ ‘ಅಲ್ ಮುತಫ್ಫಿಫೀನ್’ ಎಂಬ ಅಧ್ಯಾಯವಿದೆ. ಮಂಡಿಯಲ್ಲಿ ನಾವು ಪಾಲಿಸುವ ಈ ಕನಿಷ್ಠ ಮರ್ಯಾದೆ ಮೈದಾನಕ್ಕೆ ಬಂದೊಡನೆ ಎಲ್ಲಿ ಮಾಯವಾಗುತ್ತದೆ?

ದೇಶದ ಮಟ್ಟದಲ್ಲಿ ಈ ಎರಡು ತಕ್ಕಡಿಯ ಅಭಿಮಾನ ಏನು ಮಾಡಿದೆಯೆಂದು ಒಮ್ಮೆ ತಿರುಗಿ ನೋಡೋಣ. 2014ರ ಮಾರ್ಚ್‌ನಲ್ಲಿ ಏಷ್ಯಾ ಕಪ್ ಪಂದ್ಯದಲ್ಲಿ ಭಾರತವನ್ನು ಸೋಲಿಸಿದ ಪಾಕಿಸ್ತಾನಕ್ಕೆ ಜೈಕಾರ ಹಾಕಿದರೆಂಬ ಆರೋಪದಲ್ಲಿ ಮೀರತ್‌ನ ಖಾಸಗಿ ವಿಶ್ವವಿದ್ಯಾಲಯವೊಂದು 67 ಕಾಶ್ಮೀರಿ ವಿದ್ಯಾರ್ಥಿಗಳನ್ನು ಅಮಾನತುಗೊಳಿಸಿತು. ಅವರ ಮೇಲೆ ದೇಶದ್ರೋಹದ ಮೊಕದ್ದಮೆಯೂ ಬಿತ್ತು, ದೇಶಾದ್ಯಂತ ಆಕ್ಷೇಪ ಎದ್ದ ಮೇಲೆ ಆ ಕಲಮನ್ನು ಕೈಬಿಡಲಾಯಿತು. 2017ರ ಜೂನ್‌ನಲ್ಲಿ ಚಾಂಪಿಯನ್ಸ್ ಟ್ರೋಫಿ ಫೈನಲ್‌ನ ನಂತರ ಮಧ್ಯಪ್ರದೇಶದ ಬುರ್ಹಾನ್‌ಪುರ ಜಿಲ್ಲೆಯ ಮೋಹದ್ ಗ್ರಾಮದ ಬಡ ಮುಸ್ಲಿಮ್ ಯುವಕರನ್ನು ಇಂಥದೇ ಆರೋಪದಲ್ಲಿ ಹಿಡಿದು ಜೈಲಿಗೆ ಹಾಕಲಾಯಿತು. ದೂರುದಾರನೆಂದು ಪೊಲೀಸರು ತೋರಿಸಿದ ಹಿಂದೂ ಸೋದರನೇ ತಾನು ಅಂಥ ದೂರು ಕೊಟ್ಟಿಲ್ಲವೆಂದು ಹೇಳಿದರು. ನ್ಯಾಯಾಲಯದಿಂದ ಅವರಿಗೆ ಬಿಡುಗಡೆ ಸಿಕ್ಕಿದ್ದು 2023ರಲ್ಲಿ. ಒಂದು ಸಂಜೆಯ ಪಂದ್ಯಕ್ಕೆ ಆರು ವರ್ಷಗಳ ಕೋರ್ಟು ಅಲೆದಾಟ!

2021ರ ಅಕ್ಟೋಬರ್ 24ರಂದು ದುಬೈಯಲ್ಲಿ ಭಾರತ ಪಾಕಿಸ್ತಾನದೆದುರು 10 ವಿಕೆಟ್‌ಗಳಿಂದ ಸೋತಿತು. 10 ವಿಕೆಟ್‌ಗಳ ಸೋಲೆಂದರೆ ನಮ್ಮ ಒಬ್ಬ ಬೌಲರ್‌ಗೂ ಒಂದು ವಿಕೆಟ್ ಸಿಗಲಿಲ್ಲ ಎಂದರ್ಥ. ಆದರೆ ದ್ರೋಹಿಯೆಂಬ ಬೈಗುಳ ಬಂದದ್ದು ಮುಹಮ್ಮದ್ ಶಮಿಗೆ ಮಾತ್ರ. ಮರುವರ್ಷ ಅದೇ ಪಾಕಿಸ್ತಾನದೆದುರು ಕ್ಯಾಚ್ ಕೈಬಿಟ್ಟ ಅರ್ಷ್‌ದೀಪ್ ಸಿಂಗ್ ‘ಖಲಿಸ್ತಾನಿ’ಯಾದರು. 2023ರ ನವೆಂಬರ್ 15ರಂದು ವಿಶ್ವಕಪ್ ಸೆಮಿಫೈನಲ್‌ನಲ್ಲಿ ಶಮಿ 57 ರನ್ ಕೊಟ್ಟು 7 ವಿಕೆಟ್ ಕಿತ್ತಾಗ ಬೈದ ಬಾಯಿಗಳೇ ಜೈಕಾರ ಹಾಕಿದವು. ಆ ಜೈಕಾರದಿಂದ ನಾವು ಹಿಗ್ಗಬೇಕೇ? ಏಳು ವಿಕೆಟ್ ಕಿತ್ತರೆ ಮಾತ್ರ ನೀನು ನಮ್ಮವನು ಎಂಬ ಪ್ರೀತಿ ಕರಾರಿನ ಪ್ರೀತಿ. ವಿಕೆಟ್ ಸಿಗದ ದಿನವೂ ಒಬ್ಬ ಆಟಗಾರ ಕೇವಲ ಕೆಟ್ಟದಾಗಿ ಆಡಿದ ಆಟಗಾರನಾಗಿಯೇ ಉಳಿಯಬೇಕು. ನಾವು ಕೇಳುತ್ತಿರುವುದು ಅಷ್ಟನ್ನೇ.

ಇನ್ನು ದುಬೈ, ಬುರ್ಹಾನ್‌ಪುರಗಳ ಮಾತೇಕೆ? 2025ರ ಏಪ್ರಿಲ್ 27ರಂದು ನಮ್ಮದೇ ರಾಜ್ಯದ ಮಂಗಳೂರಿನ ಹೊರವಲಯದ ಕುಡುಪುವಿನಲ್ಲಿ ಸ್ಥಳೀಯ ಕ್ರಿಕೆಟ್ ಟೂರ್ನಿ ನಡೆಯುತ್ತಿತ್ತು. ಆ ಮೈದಾನದ ಬಳಿ ಕೇರಳದ ವಯನಾಡಿನ ಒಬ್ಬ ಬಡ ಮುಸ್ಲಿಮನನ್ನು ಗುಂಪೊಂದು ಹೊಡೆದು ಕೊಂದಿತು. ಆತ ಪಾಕಿಸ್ತಾನದ ಪರ ಘೋಷಣೆ ಕೂಗಿದನಂತೆ ಎಂಬ ಮಾತು ಹಬ್ಬಿತು. ಆತ ಮಾನಸಿಕ ಅಸ್ವಸ್ಥನಾಗಿದ್ದನೆಂದು ಮನೆಯವರು ಹೇಳಿದರು. ಕೂಗಿದನೋ ಇಲ್ಲವೋ, ಅದಕ್ಕೆ ಶಿಕ್ಷೆ ಕೊಡುವ ಅಧಿಕಾರವನ್ನು ಬ್ಯಾಟು, ಸ್ಟಂಪು ಹಿಡಿಯುವ ಪ್ರಾಯದ ಹುಡುಗರಿಗೆ ಕೊಟ್ಟವರು ಯಾರು? ವಿಚಾರಣೆಯಿಲ್ಲ, ಸಾಕ್ಷ್ಯವಿಲ್ಲ, ಮೇಲ್ಮನವಿಯಿಲ್ಲ. ಇವನು ಯಾರ ಕಡೆಯವನು ಎಂಬ ಒಂದೇ ಪ್ರಶ್ನೆ, ಅದಕ್ಕೆ ಗುಂಪೇ ಕೊಟ್ಟುಕೊಂಡ ಉತ್ತರ. ಕೋಲಾರದ ಮೈದಾನದಲ್ಲಿ ನಗುತ್ತಾ ಕೇಳುವ ಪ್ರಶ್ನೆಯೂ ಇದೇ ಎಂಬುದನ್ನು ಮರೆಯದಿರೋಣ. ನಮ್ಮ ಜಿಲ್ಲೆಯಲ್ಲಿ ಹಾಗಾಗಿಲ್ಲ ಎಂಬುದು ಸಮಾಧಾನದ ಮಾತಾದೀತು, ಭರವಸೆಯ ಮಾತಾಗದು.

ನಮ್ಮ ಅಂಗಳದ ಕಸ

ಇಷ್ಟು ಹೇಳಿ ನಿಲ್ಲಿಸಿದರೆ ಈ ಲೇಖನವೂ ಎರಡು ತಕ್ಕಡಿಯದ್ದಾಗುತ್ತದೆ. ಆದ್ದರಿಂದ ನಮ್ಮವರ ಕುರಿತೂ ಹೇಳಲೇಬೇಕು.

ಮೇಲೆ ಹೇಳಿದ 2007ರ ಫೈನಲ್ ಮುಗಿದ ಮೇಲೆ ಸೋತ ನಾಯಕ ಶೋಯೆಬ್ ಮಲಿಕ್ ಮೈಕಿನ ಮುಂದೆ ತನ್ನ ದೇಶದವರ ಜೊತೆಗೆ ಜಗತ್ತಿನ ಎಲ್ಲೆಡೆಯ ಮುಸ್ಲಿಮರಿಗೂ ಕೃತಜ್ಞತೆ ಸಲ್ಲಿಸಿದರು. ಯಾರು ಕೊಟ್ಟರು ಅವರಿಗೆ ಈ ಹಕ್ಕು? ಅಂದು ಪಂದ್ಯಶ್ರೇಷ್ಠನಾದದ್ದು ಬರೋಡಾದ ಮಸೀದಿಯೊಂದರ ಆವರಣದಲ್ಲಿ ಬೆಳೆದ ಇರ್ಫಾನ್ ಪಠಾಣ್. ಮಲಿಕ್‌ರ ವಿಕೆಟ್ ಪಡೆದದ್ದೂ ಅದೇ ಇರ್ಫಾನ್! ಭಾರತದ ಮುಸ್ಲಿಮರು ಯಾರ ಬೆಂಬಲಿಗರು ಎಂದು ನಮ್ಮನ್ನು ಕೇಳದೆ ತೀರ್ಮಾನಿಸುವುದರಲ್ಲಿ ಮಲಿಕ್‌ಗೂ ನಮ್ಮ ಮೇಲೆ ಅನುಮಾನಪಡುವವರಿಗೂ ಏನು ವ್ಯತ್ಯಾಸ? ಇಬ್ಬರೂ ನಮ್ಮ ಹೆಸರು ನೋಡಿ ನಮ್ಮ ಹೃದಯ ಓದಿದವರೇ.

2025ರ ಮಾರ್ಚ್‌ನಲ್ಲಿ, ರಮಝಾನ್ ತಿಂಗಳಲ್ಲಿ, ದುಬೈಯಲ್ಲಿ ಆಸ್ಟ್ರೇಲಿಯಾದೆದುರಿನ ಸೆಮಿಫೈನಲ್ ವೇಳೆ ಶಮಿ ಪಾನೀಯ ಕುಡಿಯುವ ದೃಶ್ಯ ಕಂಡೊಡನೆ ಬರೇಲಿಯ ಮೌಲಾನಾರೊಬ್ಬರು ಅವರನ್ನು ಪಾಪಿಯೆಂದು ಘೋಷಿಸಿದರು. ಪ್ರಯಾಣದಲ್ಲಿರುವವನಿಗೆ ಉಪವಾಸವನ್ನು ಮುಂದಕ್ಕೆ ಹಾಕುವ ರಿಯಾಯಿತಿಯನ್ನು ಸ್ವತಃ ಕುರ್‌ಆನ್ ಕೊಟ್ಟಿದೆ. ಅದಿರಲಿ, ಒಬ್ಬನ ಉಪವಾಸ ಅವನ ಮತ್ತು ಅವನ ಪ್ರಭುವಿನ ನಡುವಿನ ವಿಷಯ. ಅಲ್ಲಿ ಮೂರನೆಯ ಅಂಪೈರ್ ಆಗುವಂತೆ ಮೌಲಾನಾರನ್ನು ನೇಮಿಸಿದವರಿಲ್ಲ. ಒಂದು ಕಡೆಯವರಿಗೆ ಶಮಿ ಸಾಕಷ್ಟು ಭಾರತೀಯನಲ್ಲ, ಇನ್ನೊಂದು ಕಡೆಯವರಿಗೆ ಸಾಕಷ್ಟು ಮುಸ್ಲಿಮನಲ್ಲ. ಅವರ ಚೆಂಡಿನ ಸೀಮ್ ನೆಟ್ಟಗಿತ್ತೇ ಎಂದು ನೋಡಲು ಯಾರಿಗೂ ಪುರುಸೊತ್ತಿಲ್ಲ.

ನಮ್ಮ ಮೊಹಲ್ಲಾದ ತಂಡಗಳನ್ನೂ ನೋಡೋಣ. ಹನ್ನೊಂದರಲ್ಲಿ ಹನ್ನೊಂದೂ ನಮ್ಮ ಹುಡುಗರು. ಅತ್ತ ಹಳ್ಳಿಯ ತಂಡದಲ್ಲಿ ಹನ್ನೊಂದೂ ಒಂದೇ ಜಾತಿ. ಎದುರಾಬದುರಾದಾಗ ಅದು ಪಂದ್ಯವಾಗುತ್ತದೆಯೋ ಪಾಳಯಗಳ ಕಾದಾಟವಾಗುತ್ತದೆಯೋ? ನಮ್ಮ ಹುಡುಗ ನೋಬಾಲ್ ಎಸೆದರೂ ‘ನಮ್ಮವನೆಂದೇ ನೋಬಾಲ್ ಕೊಟ್ಟರು’ ಎಂದು ಕೂಗುವವರು ನಮ್ಮಲ್ಲಿಲ್ಲವೇ? ನಿಜವಾದ ಅನ್ಯಾಯಗಳು ಸಾಲುಗಟ್ಟಿರುವಾಗ ಹುಸಿ ಅನ್ಯಾಯದ ಬೊಬ್ಬೆ ಹಾಕುವವನು ನಿಜವಾದ ದೂರಿನ ಬೆಲೆಯನ್ನೇ ಇಳಿಸುತ್ತಾನೆ.

ತನ್ನ ಜನ ಅನ್ಯಾಯದಲ್ಲಿದ್ದರೂ ಅವರ ಬೆನ್ನಿಗೆ ನಿಲ್ಲುವುದನ್ನು ಪ್ರವಾದಿ ಮುಹಮ್ಮದ್(ಸ)ರು ‘ಅಸಬಿಯ್ಯತ್’ ಎಂದು ಕರೆದರು, ಅದನ್ನು ಖಂಡಿಸಿದರು. ತನ್ನ ಜನರನ್ನು ಪ್ರೀತಿಸುವುದನ್ನು ಅವರು ತಪ್ಪೆನ್ನಲಿಲ್ಲ. ಅಸ್ಲಮ್ ಗೋತ್ರದ ಯುವಕರು ಬಿಲ್ಲುಗಾರಿಕೆಯ ಪಂದ್ಯ ನಡೆಸುತ್ತಿದ್ದ ಸಂದರ್ಭವೊಂದು ಸಹೀಹ್ ಬುಖಾರಿಯಲ್ಲಿದೆ. ಅತ್ತ ಬಂದ ಪ್ರವಾದಿ(ಸ)ರು ತಾನು ಒಂದು ತಂಡದ ಕಡೆಯೆಂದು ಹೇಳಿ ಹುರಿದುಂಬಿಸಿದರು. ತಕ್ಷಣ ಎದುರು ತಂಡ ಬಾಣ ಬಿಡುವುದನ್ನೇ ನಿಲ್ಲಿಸಿತು. ಸ್ವತಃ ಪ್ರವಾದಿಯೇ ಎದುರು ಪಾಳಯದಲ್ಲಿರುವಾಗ ನಾವು ಹೇಗೆ ಆಡಲಿ ಎಂಬುದು ಅವರ ಸಂಕಟ. ಆಗ ಪ್ರವಾದಿ(ಸ)ರು ತಾನು ಎಲ್ಲರ ಜೊತೆಗಿದ್ದೇನೆಂದು ತಿಳಿಸಿ ಆಟ ಮುಂದುವರಿಸಲು ಹೇಳಿದರು. ಹಿರಿಯರು, ಅಧ್ಯಾಪಕರು, ಮಸೀದಿ ಕಮಿಟಿಯವರು, ಟ್ರೋಫಿ ಕೊಡಲು ಬರುವ ರಾಜಕಾರಣಿಗಳು ಈ ಪ್ರಸಂಗವನ್ನು ಗಮನಿಸಬೇಕು. ದೊಡ್ಡವರು ಒಂದು ಕಡೆ ವಾಲಿದರೆ ಇನ್ನೊಂದು ಕಡೆಯ ಹುಡುಗ ಬಿಲ್ಲು ಕೆಳಗಿಡುತ್ತಾನೆ.

ಅಂಪೈರ್ ತಪ್ಪು ಮಾಡುವುದೇ ಇಲ್ಲವೇ? ಖಂಡಿತ ಮಾಡುತ್ತಾನೆ. 2019ರ ವಿಶ್ವಕಪ್ ಫೈನಲ್‌ನಲ್ಲಿ, ಕೋಟ್ಯಂತರ ಕಣ್ಣುಗಳೆದುರು, ಕುಮಾರ ಧರ್ಮಸೇನ ಓವರ್‌ಥ್ರೋಗೆ ಐದರ ಬದಲು ಆರು ರನ್ ಕೊಟ್ಟರು. ತಪ್ಪಾಯಿತೆಂದು ನಂತರ ಅವರೇ ಒಪ್ಪಿದರು. ಪ್ರಾಮಾಣಿಕವಾಗಿ ಯತ್ನಿಸಿ ಎಡವಿದ ನ್ಯಾಯಾಧೀಶನಿಗೂ ಒಂದು ಪ್ರತಿಫಲವಿದೆ, ಸರಿಯಾದ ತೀರ್ಪು ತಲುಪಿದವನಿಗೆ ಎರಡು ಎಂಬುದು ಪ್ರವಾದಿ(ಸ)ರ ಬೋಧನೆ. ಎಡವಿದವನಿಗೂ ವಂಚಕನಿಗೂ ಇರುವ ಅಂತರ ತಿಳಿಯದ ಸಮಾಜದಲ್ಲಿ ತೀರ್ಪು ಕೊಡುವ ಕೆಲಸಕ್ಕೆ ಯಾವ ಸಭ್ಯನೂ ಮುಂದೆ ಬರುವುದಿಲ್ಲ.

ಲಾಹೋರ್, ಮುಂಬಯಿ, ಮದರಾಸು

ಹಾಗಾದರೆ ದಾರಿಯೇ ಇಲ್ಲವೇ? ಇದೆ. ಕ್ರಿಕೆಟ್‌ನ ಇತಿಹಾಸವೇ ತೋರಿಸಿದೆ.

1980ರ ದಶಕದಲ್ಲಿ ಪಾಕಿಸ್ತಾನದಲ್ಲಿ ಆಡಲು ಹೋದ ತಂಡಗಳೆಲ್ಲ ಅಲ್ಲಿನ ಅಂಪೈರ್‌ಗಳನ್ನು ದೂರುತ್ತಿದ್ದವು. ಇದರಿಂದ ರೋಸಿದ ನಾಯಕ ಇಮ್ರಾನ್ ಖಾನ್ ತಟಸ್ಥ ಅಂಪೈರ್‌ಗಳಿಗಾಗಿ ಹಟ ಹಿಡಿದರು. 1986ರ ನವೆಂಬರ್‌ನಲ್ಲಿ ಲಾಹೋರ್‌ನಲ್ಲಿ ವೆಸ್ಟ್ ಇಂಡೀಸ್ ವಿರುದ್ಧದ ಟೆಸ್ಟ್‌ಗೆ ಅಂಪೈರ್‌ಗಳಾಗಿ ನಿಂತವರು ಯಾರು ಗೊತ್ತೇ? ಭಾರತದ ಪಿಲೂ ರಿಪೋರ್ಟರ್ ಮತ್ತು ವಿ.ಕೆ. ರಾಮಸ್ವಾಮಿ! ಪಾಕಿಸ್ತಾನ ತನ್ನ ನೆಲದ ಪಂದ್ಯದ ತೀರ್ಪನ್ನು ಒಬ್ಬ ಪಾರ್ಸಿ ಮತ್ತು ಒಬ್ಬ ಹಿಂದೂವಿನ ಕೈಗೆ, ಇಬ್ಬರು ಭಾರತೀಯರ ಕೈಗೆ ಒಪ್ಪಿಸಿತು. ಆ ಪಂದ್ಯದಲ್ಲಿ ಪಾಕಿಸ್ತಾನ ಇನ್ನಿಂಗ್ಸ್ ಸೋಲುಂಡಿತು. ಆದರೂ ಕರಾಚಿಯ ಮುಂದಿನ ಟೆಸ್ಟ್‌ಗೂ ಅದೇ ಇಬ್ಬರು ನಿಂತರು. ಈ ಒಂದು ಹಟದ ದಾರಿ ಮುಂದುವರಿದು 2002ರಲ್ಲಿ ಟೆಸ್ಟ್‌ನ ಇಬ್ಬರು ಅಂಪೈರ್‌ಗಳೂ ಮೂರನೆಯ ದೇಶದವರಾಗಿರಬೇಕೆಂಬ ನಿಯಮವಾಯಿತು. ‘ಅವರವನು’ ಕೊಟ್ಟ ತೀರ್ಪನ್ನು ಒಪ್ಪುವುದು ಹೇಡಿತನವಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಇನ್ನೊಂದು ನಮ್ಮ ಕನ್ನಡ ನೆಲದ ಹೆಮ್ಮೆ. 1980ರ ಫೆಬ್ರವರಿಯಲ್ಲಿ ಮುಂಬಯಿಯ ಸುವರ್ಣ ಮಹೋತ್ಸವ ಟೆಸ್ಟ್‌ನಲ್ಲಿ ಭಾರತದ ನಾಯಕ ಭದ್ರಾವತಿಯ ಗುಂಡಪ್ಪ ವಿಶ್ವನಾಥ್. 58 ರನ್‌ಗೆ 5 ವಿಕೆಟ್ ಕಳೆದುಕೊಂಡಿದ್ದ ಇಂಗ್ಲೆಂಡಿನ ಬಾಬ್ ಟೇಲರ್‌ರನ್ನು ಅಂಪೈರ್ ಔಟ್ ಎಂದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಮನಗಂಡ ವಿಶ್ವನಾಥ್ ಟೇಲರ್‌ರನ್ನು ಮರಳಿ ಕರೆದರು. ಟೇಲರ್ ಮತ್ತು ಬಾಥಮ್ ಸೇರಿ 171 ರನ್ ಕೂಡಿಸಿದರು, ಭಾರತ 10 ವಿಕೆಟ್‌ಗಳಿಂದ ಸೋತಿತು. ‘ನಮ್ಮೋನು’ ಅಂಪೈರ್ ತಮ್ಮ ಪರವಾಗಿ ಕೊಟ್ಟ ತಪ್ಪು ತೀರ್ಪನ್ನು ಹಿಂದಿರುಗಿಸಿದ ಆ ನಾಯಕನನ್ನು ಕನ್ನಡಿಗರು ಇಂದಿಗೂ ತಲೆಯ ಮೇಲೆ ಹೊತ್ತಿದ್ದಾರೆ. ತನ್ನ ವಿರುದ್ಧವೇ ಆದರೂ ನ್ಯಾಯದ ಪರ ನಿಲ್ಲಬೇಕೆಂದು ಕುರ್‌ಆನ್‌ನ ಅನ್ನಿಸಾ ಅಧ್ಯಾಯ ಆದೇಶಿಸುತ್ತದೆ. ಅದನ್ನು ಮೈದಾನದಲ್ಲಿ ಮಾಡಿ ತೋರಿಸಿದವರು ವಿಶ್ವನಾಥ್ ಎಂದು ಹೇಳಲು ನಮಗೆ ಯಾವ ಅಳುಕೂ ಇಲ್ಲ.

ಆಟಗಾರರ ಮಾತಾಯಿತು, ಅಭಿಮಾನಿಗಳು? ಕೋಲಾರ, ಮುಳಬಾಗಿಲುಗಳ ಮೂಲಕ ಹಾದುಹೋಗುವ ಹಳೆಯ ಮದರಾಸು ರಸ್ತೆಯಲ್ಲೇ ಮುಂದೆ ಹೋದರೆ ಉತ್ತರ ಸಿಗುತ್ತದೆ. 1999ರ ಜನವರಿ 31ರಂದು ಚೆನ್ನೈಯ ಚೆಪಾಕ್‌ನಲ್ಲಿ ಸಚಿನ್ 136 ರನ್ ಹೊಡೆದೂ ಭಾರತ ಪಾಕಿಸ್ತಾನದೆದುರು 12 ರನ್‌ಗಳಿಂದ ಸೋತಿತು. ತುಂಬಿದ ಕ್ರೀಡಾಂಗಣ ಒಂದು ಕ್ಷಣ ಮೌನವಾಯಿತು. ನಂತರ ಎದ್ದು ನಿಂತು ಗೆದ್ದವರಿಗೆ ಚಪ್ಪಾಳೆ ತಟ್ಟಿತು. ಅವರಲ್ಲಿ ಯಾರ ದೇಶಪ್ರೇಮವೂ ಕರಗಿಹೋಗಲಿಲ್ಲ. ಇಪ್ಪತ್ತು ದಿನ ಕಳೆಯುವಷ್ಟರಲ್ಲಿ ಕೋಲ್ಕತಾದ ಈಡನ್ ಗಾರ್ಡನ್ಸ್‌ನಲ್ಲಿ ಸಚಿನ್ ರನೌಟ್ ತೀರ್ಪಿಗೆ ಗಲಭೆಯೆದ್ದು, ಪ್ರೇಕ್ಷಕರನ್ನು ಹೊರಹಾಕಿ ಖಾಲಿ ಕ್ರೀಡಾಂಗಣದಲ್ಲಿ ಪಂದ್ಯ ಮುಗಿಸಬೇಕಾಯಿತು. ಸೋಲು ಎರಡೂ ಕಡೆ ಒಂದೇ. ನೋಡುವವರು ಬೇರೆ.

ಏನು ಮಾಡಬೇಕು?

ನಾವು ಉಪದೇಶ ಮಾಡಿ ಕೈತೊಳೆದುಕೊಳ್ಳಲು ಬಯಸುವುದಿಲ್ಲ. ಆಗಬೇಕಾದ್ದನ್ನು ಹೇಳುತ್ತೇವೆ.

2017ರಲ್ಲಿ ಕೋಲಾರದ ಟಮಕದಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ತಲೆಯೆತ್ತಿದೆ. ಮಾಲೂರಿನ ಕಾಲೇಜಿನ ಪಂದ್ಯಕ್ಕೆ ಮುಳಬಾಗಿಲಿನ ದೈಹಿಕ ಶಿಕ್ಷಕರು, ಶ್ರೀನಿವಾಸಪುರದ ಪಂದ್ಯಕ್ಕೆ ಕೋಲಾರದವರು ಅಂಪೈರ್ ಆಗುವ ಏರ್ಪಾಡಿಗೆ ಕೋಟಿ ಬೇಕಿಲ್ಲ, ಬಸ್ ಚಾರ್ಜು ಸಾಕು. ವಿದ್ಯಾರ್ಥಿಗಳಿಗೇ ಅಂಪೈರಿಂಗ್ ತರಬೇತಿ ಕೊಡಲಿ. ಒಂದು ಮಧ್ಯಾಹ್ನ ಬಿಸಿಲಿನಲ್ಲಿ ನಿಂತು ಇಪ್ಪತ್ತೆರಡು ಜನರ ಕೂಗಿನ ನಡುವೆ ತೀರ್ಪು ಕೊಟ್ಟವನು ಮತ್ತೆ ಅಂಪೈರನ್ನು ಬೈಯುವ ಮುನ್ನ ಎರಡು ಸಲ ಯೋಚಿಸುತ್ತಾನೆ. ತೀರ್ಪಿನ ಬಗ್ಗೆ ಆಕ್ಷೇಪವಿದ್ದರೆ ನಾಯಕನೊಬ್ಬನೇ ಮಾತಾಡಲಿ. ಜಾತಿ, ಮತ, ದೇಶನಿಷ್ಠೆ ಎತ್ತಿ ನಿಂದಿಸಿದವರು ಎಷ್ಟೇ ದೊಡ್ಡ ಆಟಗಾರರಾಗಿರಲಿ, ಯಾರ ಮಗನೇ ಆಗಿರಲಿ, ಆ ವರ್ಷದ ಕ್ರೀಡಾಕೂಟದಿಂದ ಹೊರಗಿರಲಿ. ಮಸೀದಿ, ದೇವಸ್ಥಾನ, ಸಂಘಗಳ ಹೆಸರಿನಲ್ಲಿ ಟೂರ್ನಿ ನಡೆಸುವವರು ಒಂದೇ ಸಮುದಾಯದ ಹನ್ನೊಂದು ಮಂದಿಯ ತಂಡಕ್ಕೆ ಪ್ರವೇಶವಿಲ್ಲ ಎಂಬ ನಿಯಮ ಮಾಡಲಿ. ಇದನ್ನು ಮೊದಲು ನಮ್ಮವರೇ ಮಾಡಲಿ. ಅವರು ಮಾಡಿದರೆ ನಾವೂ ಮಾಡುತ್ತೇವೆ ಎಂದು ಕಾಯುತ್ತಾ ಕೂರುವುದು ಬೇಡ.

ಕಾಲೇಜಿನ ಯುವಕರಲ್ಲಿ ನಮ್ಮದೊಂದು ಕೊನೆಯ ಮಾತು. ಮುಂದಿನ ಪಂದ್ಯದಲ್ಲಿ ಅಂಪೈರ್ ನಿಮ್ಮ ತಂಡದ ವಿರುದ್ಧ ಬೆರಳೆತ್ತುತ್ತಾನೆ. ಅದು ತಪ್ಪು ತೀರ್ಪೇ ಆಗಿರಬಹುದು. ಪಕ್ಕದಲ್ಲಿ ಯಾರೋ ಅವನ ಹೆಸರು ಹಿಡಿದು ‘ಅವನು ಅವರವನು’ ಎಂದು ಶುರುಮಾಡುತ್ತಾರೆ. ಆಗ ‘ಅದು ಬಿಡಪ್ಪಾ, ಚೆಂಡು ಎಲ್ಲಿ ತಾಗಿತು ಹೇಳು’ ಎಂದು ಗಟ್ಟಿಯಾಗಿ ಕೇಳುವವರು ನೀವಾಗುವಿರಾ?